ಕಾಲೇಜು ಹುಡುಗಿಯರ ಸಾಕರ್ ಮ್ಯಾಚಿಗೆ ಮನೆಮಂದಿಯೆಲ್ಲ ಹೋಗಬೇಕು, ಏನು ನೋಡಬೇಕು?

ಪ್ರಶ್ನೆ: ನಾವು ನಾರ್ತ್ ಕೆರೊಲೈನಾದ ಮಾರಿಸ್‌ವಿಲ್‌ನಲ್ಲಿದ್ದೇವೆ. ಹನ್ನೊಂದು ವರ್ಷದ ಮಗಳು ಕ್ಲಬ್ ಒಂದರಲ್ಲಿ ಸಾಕರ್ ಆಡುತ್ತಾಳೆ, ಎಡಗಡೆ ಡಿಫೆಂಡರ್. ಅವಳ ಕೋಚ್ "ಚಾಪೆಲ್ ಹಿಲ್‌ಗೆ ಹೋಗಿ ಕಾಲೇಜು ಹುಡುಗಿಯರ ಮ್ಯಾಚ್ ಒಂದು ನೋಡಿಕೊಂಡು ಬನ್ನಿ" ಎಂದಿದ್ದಾರೆ. ನಾವಿಬ್ಬರೂ ಕ್ರಿಕೆಟ್ ನೋಡಿ ಬೆಳೆದವರು. ಟಿವಿಯಲ್ಲಿ ವಿಶ್ವಕಪ್ ಬಿಟ್ಟರೆ ಫುಟ್‌ಬಾಲ್ ಗೊತ್ತಿಲ್ಲ. ದಾವಣಗೆರೆಯಿಂದ ಅತ್ತೆ ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಹೋಗಬಹುದಾ? ಅಲ್ಲಿ ಏನು ನೋಡಬೇಕು? ಮುಂದೆ ಇವಳಿಗೆ ಸ್ಕಾಲರ್‌ಶಿಪ್ ಸಿಗುತ್ತಾ ಅಂತ ನಮ್ಮ ಯಜಮಾನರು ಬೇರೆ ಕೇಳುತ್ತಿದ್ದಾರೆ.

ಉತ್ತರ: ಖಂಡಿತ ಹೋಗಿ, ಅತ್ತೆಯವರನ್ನೂ ಕರೆದುಕೊಂಡೇ ಹೋಗಿ. ಸ್ಕಾಲರ್‌ಶಿಪ್ ಮಾತನ್ನು ಮಾತ್ರ ಆ ಸಂಜೆಯ ಮಟ್ಟಿಗೆ ಮನೆಯಲ್ಲೇ ಬಿಟ್ಟು ಹೋಗಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಕೋಚ್ ಚಾಪೆಲ್ ಹಿಲ್ ಅಂದಿದ್ದು ಸುಮ್ನೆ ಅಲ್ಲ. ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ ಕಾರಿನಲ್ಲಿ ಮುಟ್ಟುವ ಈ ಊರಿನ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲೈನಾ, ಅಮೆರಿಕದ ಕಾಲೇಜು ಹುಡುಗಿಯರ ಸಾಕರ್‌ನಲ್ಲಿ ಉಳಿದ ಎಲ್ಲರಿಗಿಂತ ತುಂಬಾ ಮುಂದೆ. ದೇಶದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮಹಿಳಾ ಸಾಕರ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1982ರಲ್ಲಿ. ಮೊದಲ ಸಲವೇ ಗೆದ್ದವರು ಇವರು, 2024ರ ಡಿಸೆಂಬರ್‌ನಲ್ಲಿ ಗೆದ್ದಿದ್ದು 22ನೇ ಸಲ. ಆ ಫೈನಲ್ ನಡೆದಿದ್ದು ನಿಮ್ಮ ಪಕ್ಕದ ಕ್ಯಾರಿಯಲ್ಲೇ, ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿ. ಎದುರಾಳಿಯೂ ಇದೇ ರಾಜ್ಯದ ವೇಕ್ ಫಾರೆಸ್ಟ್, ಒಂದೇ ಗೋಲಿನಲ್ಲಿ ತೀರ್ಮಾನ ಆಯಿತು. 1979ರಿಂದ ಈ ತಂಡವನ್ನು ಕಟ್ಟಿದ ಕೋಚ್ ಆನ್ಸನ್ ಡೊರಾನ್ಸ್ 2024ರ ಆಗಸ್ಟ್‌ನಲ್ಲಿ, ಸೀಸನ್ ಇನ್ನೇನು ಶುರು ಅನ್ನುವಾಗ ನಿವೃತ್ತಿ ಹೇಳಿದರು. ಅವರ ಜೊತೆಗಿದ್ದ ಡೇಮನ್ ನಹಾಸ್ ಹಂಗಾಮಿಯಾಗಿ ತಂಡ ವಹಿಸಿಕೊಂಡು ಅದೇ ವರ್ಷ ಕಪ್ ಗೆದ್ದುಬಿಟ್ಟರು. ಅವರೇ ಆಮೇಲೆ ಕಾಯಂ ಆದರು. ಮೈದಾನದ ಹೆಸರು ಡೊರಾನ್ಸ್ ಫೀಲ್ಡ್. ಸುಮಾರು 4,200 ಜನ ಹಿಡಿಯುವ ಜಾಗ, ಅಷ್ಟೇ.

ಈ "ಅಷ್ಟೇ" ಅನ್ನುವುದೇ ನಿಮ್ಮ ಮಗಳಿಗೆ ಸಿಗುವ ಲಾಭ. ದೊಡ್ಡ ಸ್ಟೇಡಿಯಮ್ಮಿನಲ್ಲಿ ಆಟಗಾರ್ತಿಯರು ಬೆರಳುದ್ದ ಕಾಣಿಸುತ್ತಾರೆ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿರುತ್ತದೆ, ಎಡಗಡೆ ಡಿಫೆಂಡರ್ ಏನು ಮಾಡುತ್ತಿದ್ದಾಳೆ ಅಂತ ತೋರಿಸುವುದೇ ಇಲ್ಲ. ಇಲ್ಲಿ ಹುಲ್ಲಿನ ಮೇಲೆ ಬೂಟು ಜಾರುವ ಸದ್ದು ಕೇಳುತ್ತದೆ, ಒಬ್ಬಳು ಇನ್ನೊಬ್ಬಳಿಗೆ "ಹಿಂದೆ ನೋಡು" ಅಂತ ಕೂಗುವುದು ಕೇಳುತ್ತದೆ, ಕೋಚ್ ಬೈಯುವುದೂ ಕೇಳುತ್ತದೆ. ಇಡೀ ಮೈದಾನ ಒಂದೇ ನೋಟಕ್ಕೆ ಸಿಗುತ್ತದೆ.

ಯಾವಾಗ ಹೋಗಬೇಕು? ಸೀಸನ್ ಆಗಸ್ಟ್ ಮಧ್ಯದಲ್ಲಿ ಶುರುವಾಗಿ ಅಕ್ಟೋಬರ್ ಕೊನೆಗೆ ಲೀಗ್ ಪಂದ್ಯಗಳು ಮುಗಿಯುತ್ತವೆ. ನವೆಂಬರ್‌ನಲ್ಲಿ 64 ತಂಡಗಳ ನಾಕೌಟ್. ಇವರು ಆಡುವ ಎಸಿಸಿ ಲೀಗಿನ ಮ್ಯಾಚುಗಳು ಹೆಚ್ಚಾಗಿ ಗುರುವಾರ ಸಂಜೆ, ಭಾನುವಾರ ಮಧ್ಯಾಹ್ನ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯ ಅಥವಾ ಅಕ್ಟೋಬರ್ ಮೊದಲ ವಾರಗಳ ಗುರುವಾರ ಸಂಜೆ ಆರಿಸಿಕೊಳ್ಳಿ. ಆಗಸ್ಟಿನಲ್ಲಿ ಏಳು ಗಂಟೆಗೂ ಸೆಕೆ ಬಿಡುವುದಿಲ್ಲ, ಮಧ್ಯದಲ್ಲಿ ಗುಡುಗು ಬಂದರೆ ಆಟ ನಿಲ್ಲಿಸಿ ಎಲ್ಲರನ್ನೂ ಒಳಗೆ ಕಳಿಸುತ್ತಾರೆ. ಕೊನೆಯ ಮಿಂಚಿನಿಂದ 30 ನಿಮಿಷ ಲೆಕ್ಕ ಹಾಕಿ ಮತ್ತೆ ಶುರು, ಅಷ್ಟರಲ್ಲಿ ಇನ್ನೊಂದು ಮಿಂಚಿದರೆ ಲೆಕ್ಕ ಮತ್ತೆ ಮೊದಲಿನಿಂದ. ಮಾರನೇ ದಿನ ಸ್ಕೂಲಿರುವ ಮಗುವನ್ನು ಕಟ್ಟಿಕೊಂಡು ಇದನ್ನು ಅನುಭವಿಸುವುದು ಬೇಡ. ಮ್ಯಾಚ್ ಸರಿಯಾಗಿ ನಡೆದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ: 45 ನಿಮಿಷ, 15 ನಿಮಿಷ ವಿರಾಮ, ಮತ್ತೆ 45. ಕ್ರಿಕೆಟಿನ ಹಾಗೆ ದಿನವಿಡೀ ಕೂರುವ ಕೆಲಸ ಅಲ್ಲ.

ಹೊರಡುವ ಮುಂಚೆ ತಂಡದ ವೆಬ್‌ಸೈಟಿನಲ್ಲಿ ಆ ದಿನದ ಟಿಕೆಟ್ ಮತ್ತು ಪಾರ್ಕಿಂಗ್ ನೋಡಿಕೊಳ್ಳಿ. ಕ್ಯಾಂಪಸ್ ಒಳಗೆ ಕಾರು ನಿಲ್ಲಿಸುವುದು ತಲೆನೋವು. ಚಾಪೆಲ್ ಹಿಲ್‌ನ ಊರ ಬಸ್ಸು ಎಲ್ಲರಿಗೂ ಉಚಿತ, ಹಾಗಾಗಿ ಊರ ಹೊರಗಿನ ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ಬಿಟ್ಟು ಬರಬಹುದು. ಆದರೆ ರಾತ್ರಿ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿ. ಬ್ಯಾಗಿನ ವಿಷಯಕ್ಕೆ ಬಂದರೆ, ಗೇಟಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗ್ ಬಿಟ್ಟು ಬೇರೆ ದೊಡ್ಡ ಬ್ಯಾಗ್ ಬಿಡುವುದಿಲ್ಲ. ಅತ್ತೆಯವರ ಕೈಚೀಲ ಹಿಡಿದುಕೊಂಡು ಗೇಟಿನವರೆಗೆ ಹೋಗಿ ವಾಪಸ್ ಕಾರಿಗೆ ಓಡುವವರನ್ನು ಪ್ರತಿ ಮ್ಯಾಚಿನಲ್ಲೂ ನೋಡುತ್ತೇನೆ. ಊಟ ಮನೆಯಲ್ಲೇ ಮುಗಿಸಿ. ಸಸ್ಯಾಹಾರಿಗಳಿಗೆ ಇಂಥ ಕಡೆ ಸಿಗುವುದು ಪಾಪ್‌ಕಾರ್ನ್, ಪ್ರೆಟ್ಜೆಲ್, ಚೀಸ್ ಸುರಿದ ನಾಚೋಸ್. ಚಿತ್ರಾನ್ನದ ಡಬ್ಬಿ ಕಾರಿನಲ್ಲಿರಲಿ, ವಾಪಸ್ ಬರುವಾಗ ಎಲ್ಲರಿಗೂ ಹಸಿವಾಗಿರುತ್ತದೆ. ಅಕ್ಟೋಬರಿನಲ್ಲಿ ಸೂರ್ಯ ಮುಳುಗಿದ ಮೇಲೆ ಚಳಿ ದಿಢೀರ್ ಅಂತ ಶುರುವಾಗುತ್ತದೆ, ಅತ್ತೆಯವರಿಗೆ ಸ್ವೆಟರ್ ಜೊತೆಗೆ ಕೂರಲು ಮಡಚಿ ಹಾಕುವ ಒಂದು ದಪ್ಪ ಶಾಲು ಬೇಕು.

ಆಟ ಶುರುವಾಗುವ ಒಂದು ಗಂಟೆ ಮೊದಲೇ ಹೋಗಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಆಟ ಕಲಿಯುವ ಮಗುವಿಗೆ ಆ ಸಂಜೆಯ ಅತಿ ಬೆಲೆಬಾಳುವ ಹೊತ್ತು ಅದೇ ಅಂತ ನನ್ನ ಅಭಿಪ್ರಾಯ. ವಾರ್ಮ್ ಅಪ್‌ನಲ್ಲಿ ಐದಾರು ಜನ ಸುತ್ತ ನಿಂತು, ಮಧ್ಯದ ಇಬ್ಬರಿಗೆ ಚೆಂಡು ಸಿಗದ ಹಾಗೆ ಪಾಸ್ ಮಾಡುತ್ತಿರುತ್ತಾರೆ. ನಿಮ್ಮ ಮಗಳ ಕ್ಲಬ್ಬಿನಲ್ಲೂ ಇದನ್ನೇ ಆಡಿಸುತ್ತಾರೆ, ಅವಳಿಗೆ ಬೇಜಾರೂ ಬಂದಿರುತ್ತದೆ. ಅದೇ ಆಟವನ್ನು ಇವರು ಎಷ್ಟು ಜೋರಾಗಿ, ಎಷ್ಟು ಗಂಭೀರವಾಗಿ ಆಡುತ್ತಾರೆ ಅಂತ ಹತ್ತಿರದಿಂದ ನೋಡಲಿ. ಕೀಪರ್‌ಗಳ ತಯಾರಿಯನ್ನೂ ಗೋಲಿನ ಹಿಂದೆ ನಿಂತು ನೋಡಿ, ಚೆಂಡು ಎಷ್ಟು ವೇಗವಾಗಿ ಬರುತ್ತದೆ ಅನ್ನುವುದು ಅಲ್ಲಿ ನಿಂತರೆ ಮಾತ್ರ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ: ಎಲ್ಲಿ ಕೂರಬೇಕು. ಎಲ್ಲರೂ ಕೆಳಗಿನ ಸಾಲಿಗೆ ಓಡುತ್ತಾರೆ. ನೀವು ಮೊದಲರ್ಧ ಮೇಲೆ ಕೂತುಕೊಳ್ಳಿ, ಮಧ್ಯದ ಗೆರೆಯ ಆಸುಪಾಸಿನಲ್ಲಿ, ಎಷ್ಟು ಮೇಲೆ ಆಗುತ್ತದೋ ಅಷ್ಟು. ಮಕ್ಕಳ ಆಟದಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲರೂ ಚೆಂಡಿನ ಸುತ್ತ ಸೇರುತ್ತಾರಲ್ಲ, ಅದರಿಂದ ಹೊರಗೆ ಬಂದು ಆಡುವುದು ಅಂದರೆ ಏನು ಅಂತ ಮೇಲಿನಿಂದ ಮಾತ್ರ ಕಾಣಿಸುತ್ತದೆ. ಮೊದಲ ಹತ್ತು ನಿಮಿಷ ಏನೂ ಹೇಳಬೇಡಿ, ಸುಮ್ನೆ ನೋಡಲಿ. ಆಮೇಲೆ ಎಡಗಡೆ ಡಿಫೆಂಡರ್ ಯಾರು ಅಂತ ಹುಡುಕಿ, ನಂಬರ್ ಗುರುತು ಹಿಡಿದು, ಮುಂದಿನ ಹದಿನೈದು ನಿಮಿಷ ಅವಳನ್ನು ಮಾತ್ರ ನೋಡಲು ಹೇಳಿ. ಚೆಂಡು ಬಲಗಡೆ ಇದ್ದಾಗ ಅವಳು ಎಲ್ಲಿ ನಿಂತಿದ್ದಾಳೆ? ಗೆರೆಗೆ ಅಂಟಿಕೊಂಡಾ, ಒಳಗೆ ಸರಿದು ನಡುವಿನ ಡಿಫೆಂಡರ್ ಪಕ್ಕದಲ್ಲಾ? ಚೆಂಡು ಬರುವ ಮೊದಲು ಎಷ್ಟು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾಳೆ? ತನ್ನ ತಂಡಕ್ಕೆ ಚೆಂಡು ಸಿಕ್ಕ ಕ್ಷಣ ಮುಂದೆ ಓಡುತ್ತಾಳಾ, ಕಾಯುತ್ತಾಳಾ? ಎಣಿಸಲು ಹೇಳಿ. ಮಕ್ಕಳಿಗೆ ಎಣಿಸುವ ಕೆಲಸ ಕೊಟ್ಟರೆ ಫೋನ್ ಕೇಳುವುದಿಲ್ಲ, ಅದೂ ಒಂದು ಲಾಭ.

ಮೈದಾನದಲ್ಲಿ ಒಬ್ಬ ಆಟಗಾರ್ತಿಯ ಕಾಲಲ್ಲಿ ಚೆಂಡು ಇರುವುದು ಇಡೀ ಮ್ಯಾಚಿನಲ್ಲಿ ಒಂದೆರಡು ನಿಮಿಷ ಮಾತ್ರ. ಉಳಿದದ್ದೆಲ್ಲ ಚೆಂಡಿಲ್ಲದ ಆಟ. ನಿಮ್ಮ ಮಗಳಿಗೆ ಕೋಚ್ ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಇದು, ನೋಡಿದರೆ ಹೋಗುತ್ತದೆ. ಬಹುಶಃ ಅದಕ್ಕೇ ಕಳಿಸುತ್ತಿರುವುದು.

ದ್ವಿತೀಯಾರ್ಧಕ್ಕೆ ಬೇಕಾದರೆ ಕೆಳಗೆ ಇಳಿಯಿರಿ. ಆಗ ಸದ್ದು, ಬೆವರು, ಡಿಕ್ಕಿ ಎಲ್ಲ ಸಿಗುತ್ತದೆ. ಅಷ್ಟು ಹೊತ್ತಿಗೆ ಮೈದಾನದ ನಕ್ಷೆ ತಲೆಯಲ್ಲಿ ಕೂತಿರುತ್ತದೆ.

ವಿಶ್ವಕಪ್ ನೋಡಿದ ನಿಮಗೆ ಎರಡು ವಿಷಯ ವಿಚಿತ್ರ ಅನ್ನಿಸಬಹುದು. ಒಂದು ಗಡಿಯಾರ. ಇಲ್ಲಿ ಅದು 45ರಿಂದ ಸೊನ್ನೆಗೆ ಇಳಿಯುತ್ತದೆ. ಗೋಲು ಆದಾಗ, ಕಾರ್ಡ್ ತೋರಿಸಿದಾಗ, ಯಾರಾದರೂ ಪೆಟ್ಟಾಗಿ ಬಿದ್ದು ರೆಫ್ರಿ ಸನ್ನೆ ಮಾಡಿದಾಗ ಗಡಿಯಾರವೇ ನಿಲ್ಲುತ್ತದೆ. ಹಾಗಾಗಿ ಕೊನೆಯಲ್ಲಿ ರೆಫ್ರಿ ತನ್ನ ಮನಸ್ಸಿಗೆ ಬಂದಷ್ಟು ನಿಮಿಷ ಸೇರಿಸುವ ಪದ್ಧತಿ ಇಲ್ಲ. ಕೊನೆಯ ಹತ್ತು ಸೆಕೆಂಡನ್ನು ಮೈಕಿನಲ್ಲಿ ಎಣಿಸುತ್ತಾರೆ, ಜನ ದನಿಗೂಡಿಸುತ್ತಾರೆ, ಸೊನ್ನೆಗೆ ಹಾರ್ನ್. ಹಾರ್ನ್ ಹೊಡೆದಾಗ ಚೆಂಡು ಗಾಳಿಯಲ್ಲಿದ್ದು ಆಮೇಲೆ ಗೋಲಿನೊಳಗೆ ಹೋದರೆ ಅದು ಗೋಲಲ್ಲ. ಯುರೋಪಿನ ಫುಟ್‌ಬಾಲ್ ಭಕ್ತರು ಇದನ್ನು ನೋಡಿ ಮೂಗು ಮುರಿಯುತ್ತಾರೆ, ನನಗಂತೂ ಇದೇ ಪ್ರಾಮಾಣಿಕ ಅನ್ನಿಸುತ್ತದೆ. ಲೀಗ್ ಪಂದ್ಯ ಸಮವಾದರೆ ಅಲ್ಲಿಗೇ ಮುಗಿಯಿತು. 2022ರಿಂದ ಮಾಮೂಲಿ ಸೀಸನ್ನಿನಲ್ಲಿ ಹೆಚ್ಚುವರಿ ಸಮಯ ತೆಗೆದುಹಾಕಿದ್ದಾರೆ. ನಾಕೌಟ್‌ನಲ್ಲಿ ಮಾತ್ರ ಹತ್ತತ್ತು ನಿಮಿಷದ ಎರಡು ಅವಧಿ, ಆಗಲೂ ಸಮ ಇದ್ದರೆ ಪೆನಾಲ್ಟಿ.

ಇನ್ನೊಂದು ವಿಷಯ ಬದಲಿ ಆಟಗಾರ್ತಿಯರದು, ಇದು ಆಟದ ಸ್ವರೂಪವನ್ನೇ ಬದಲಿಸುತ್ತದೆ. ವಿಶ್ವಕಪ್‌ನಲ್ಲಿ ಐದು ಜನರನ್ನು ಬದಲಾಯಿಸಬಹುದು, ಹೊರಗೆ ಬಂದವಳು ಮತ್ತೆ ಒಳಗೆ ಹೋಗುವ ಹಾಗಿಲ್ಲ. ಕಾಲೇಜಿನಲ್ಲಿ ಇಷ್ಟೇ ಜನ ಅನ್ನುವ ಮಿತಿ ಇಲ್ಲ. ಮೊದಲರ್ಧದಲ್ಲಿ ಹೊರಬಂದವಳು ಆ ಅರ್ಧ ಮುಗಿಯುವ ತನಕ ಬೆಂಚಿನಲ್ಲೇ, ಆದರೆ ದ್ವಿತೀಯಾರ್ಧದಲ್ಲಿ ಹೊರಬಂದರೂ ಒಂದು ಸಲ ಮರಳಿ ಹೋಗಬಹುದು. ಇದರಿಂದ ಏನಾಗುತ್ತದೆ ಅಂದರೆ, ಯಾರೂ ಉಸಿರು ಉಳಿಸಿಕೊಂಡು ಆಡಬೇಕಾಗಿಲ್ಲ. ಇಪ್ಪತ್ತು, ಇಪ್ಪತ್ತೈದು ನಿಮಿಷ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎದುರಾಳಿಯ ಅರ್ಧದಲ್ಲೇ ಚೆಂಡಿಗೆ ಮುಗಿಬೀಳುವುದು, ಸುಸ್ತಾದಾಗ ಮೂರ್ನಾಲ್ಕು ಜನ ಒಟ್ಟಿಗೆ ಹೊರಗೆ, ಹೊಸಬರು ಒಳಗೆ. ಡೊರಾನ್ಸ್ ಈ ನಿಯಮವನ್ನು ಬಳಸಿಕೊಂಡಷ್ಟು ಇನ್ನು ಯಾರೂ ಬಳಸಿಕೊಳ್ಳಲಿಲ್ಲ. ಹಿಂದೆ ಮೂವರೇ ಡಿಫೆಂಡರ್‌ಗಳು, ಮುಂದೆ ಮೂವರು ಫಾರ್ವರ್ಡ್‌ಗಳು, ಎದುರಾಳಿಗೆ ಉಸಿರಾಡಲು ಬಿಡದ ಒತ್ತಡ, ಅಲೆ ಅಲೆಯಾಗಿ ಸಬ್‌ಗಳು. ದಶಕಗಟ್ಟಲೆ ಇದೇ ಅವರ ಗುರುತು. ಅಭ್ಯಾಸದಲ್ಲೂ ಅಷ್ಟೇ, ಪ್ರತಿ ಡ್ರಿಲ್‌ನಲ್ಲಿ ಯಾರು ಗೆದ್ದರು, ಯಾರು ಸೋತರು ಅಂತ ಲೆಕ್ಕ ಬರೆದು ಎಲ್ಲರಿಗೂ ಕಾಣುವ ಹಾಗೆ ರ್‍ಯಾಂಕ್ ಹಾಕುತ್ತಿದ್ದರು. ಇದರ ಇನ್ನೊಂದು ಮುಖ ಅಂದರೆ ಕಾಲೇಜು ಆಟದಲ್ಲಿ ನಾಜೂಕು ಕಡಿಮೆ, ಓಟ ಜಾಸ್ತಿ ಅನ್ನುವ ದೂರು. ಅದರಲ್ಲಿ ನಿಜ ಇದೆ. ತಾಳ್ಮೆಯಿಂದ ಪಾಸ್ ಮೇಲೆ ಪಾಸ್ ಕಟ್ಟುವ ತಂಡ ನೋಡಬೇಕು ಅಂದರೆ, ಫ್ಲೋರಿಡಾ ಸ್ಟೇಟ್ ತಂಡ ಇಲ್ಲಿಗೆ ಆಡಲು ಬರುವ ವರ್ಷ ಆ ಮ್ಯಾಚ್ ತಪ್ಪಿಸಬೇಡಿ.

ಈ ಮೈದಾನ ದಾಟಿ ಹೋದವರ ಹೆಸರು ಮಗಳಿಗೆ ಹೇಳಿ, ಕಣ್ಣರಳಿಸುತ್ತಾಳೆ. ಅಮೆರಿಕ ತಂಡದ ತಾರೆಯಾಗಿದ್ದ ಮಿಯಾ ಹ್ಯಾಮ್ ಇಲ್ಲಿ ಓದಿ ಆಡಿದವರು. ಅವರು ಆಡಿದ 95 ಕಾಲೇಜು ಮ್ಯಾಚುಗಳಲ್ಲಿ ತಂಡ ಸೋತಿದ್ದು ಒಂದೇ ಒಂದು. ಅವರ ಜೊತೆಗಾರ್ತಿ ಕ್ರಿಸ್ಟಿನ್ ಲಿಲ್ಲಿ ಅಮೆರಿಕಕ್ಕೆ 354 ಅಂತರರಾಷ್ಟ್ರೀಯ ಪಂದ್ಯ ಆಡಿದರು. ಗಂಡಸರು ಹೆಂಗಸರು ಸೇರಿಸಿ ಲೆಕ್ಕ ಹಾಕಿದರೂ ಅಷ್ಟು ಯಾರೂ ಆಡಿಲ್ಲ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡಕ್ಕೆ ಕೋಚ್ ಇದೇ ಡೊರಾನ್ಸ್. ಹಳೆಯವರು ಬೇಡ ಅಂದರೆ, 2025ರ ಯುರೋ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ತಲೆಯಿಂದ ಹೊಡೆದು ಸಮ ಮಾಡಿದ ಇಂಗ್ಲೆಂಡಿನ ಅಲೆಸಿಯಾ ರುಸ್ಸೊ ಈ ಕಾಲೇಜಿನಲ್ಲಿ ಆಡಿದವರು. ಇಂಗ್ಲೆಂಡಿನದೇ ಡಿಫೆಂಡರ್ ಲೂಸಿ ಬ್ರಾಂಜ್ 2009ರಲ್ಲಿ ಒಂದು ಸೀಸನ್ ಇಲ್ಲಿದ್ದರು. ನಿಮ್ಮ ಮಗಳು ಡಿಫೆಂಡರ್ ಅಲ್ವಾ, ಅವಳಿಗೆ ಹೇಳಬೇಕಾದ ಹೆಸರು ಎಮಿಲಿ ಫಾಕ್ಸ್. ಚಾಪೆಲ್ ಹಿಲ್‌ನಲ್ಲಿ ಕಲಿತು, ಅಮೆರಿಕ ತಂಡಕ್ಕೆ ಅಂಚಿನ ಡಿಫೆಂಡರ್ ಆಗಿ, 2025ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಜೊತೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದವರು. ಅವರ ವಿಡಿಯೊ ಮೊದಲೇ ತೋರಿಸಿ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಗ್ಯಾಲರಿಯ ವಿಷಯ. ಅಲ್ಲಿ ತಿಳಿನೀಲಿ ಬಣ್ಣ ಹಾಕಿಕೊಂಡವರೇ ಜಾಸ್ತಿ, ನೀವೂ ಹಾಕಿಕೊಳ್ಳಿ. ಗಾಢ ನೀಲಿ ಮಾತ್ರ ಬೇಡ, ಅದು ಹತ್ತು ಮೈಲಿ ಆಚೆಯ ಬದ್ಧ ಎದುರಾಳಿ ಡ್ಯೂಕ್ ಯೂನಿವರ್ಸಿಟಿಯದು. ಬಂದವರಲ್ಲಿ ಕಾಲೇಜು ಹುಡುಗ ಹುಡುಗಿಯರಿಗಿಂತ ಜಡೆ ಕಟ್ಟಿಕೊಂಡು ಕ್ಲಬ್ ಜೆರ್ಸಿಯಲ್ಲಿ ಬಂದ ಪುಟ್ಟ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ವರ್ಷಾನುಗಟ್ಟಲೆಯಿಂದ ಅದೇ ಜಾಗದಲ್ಲಿ ಕೂರುವ ವಯಸ್ಸಾದ ದಂಪತಿಗಳು ಎದ್ದು ಕಾಣುತ್ತಾರೆ. ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು. ಈ ಕಾಲೇಜಿನ ತಂಡಗಳ ಅಡ್ಡಹೆಸರು ಟಾರ್ ಹೀಲ್ಸ್, ಒಂದು ಕಡೆಯವರು "ಟಾರ್" ಅಂದರೆ ಇನ್ನೊಂದು ಕಡೆಯವರು "ಹೀಲ್ಸ್" ಅನ್ನಬೇಕು, ಅಷ್ಟು ಕಲಿತರೆ ಸಾಕು. ವಿದ್ಯಾರ್ಥಿಗಳ ಗುಂಪು ಎದುರಾಳಿ ಕೀಪರ್ ಹೆಸರು ಹಿಡಿದು ಛೇಡಿಸುತ್ತದೆ. ಅದು ಆಟದ ಭಾಗ, ಮಗಳ ಮುಂದೆ ನೀವು ಮುಜುಗರ ಪಡಬೇಕಾಗಿಲ್ಲ.

ಒಂದೇ ಒಂದು ಕಿವಿಮಾತು ಯಜಮಾನರಿಗೆ. ಮಕ್ಕಳ ಶನಿವಾರದ ಮ್ಯಾಚಿನಲ್ಲಿ ಗೆರೆಯ ಪಕ್ಕ ನಿಂತು "ಒದೀ, ಒದೀ, ಹಿಂದೆ ಬಾ" ಅಂತ ಕಿರುಚುವ ಅಪ್ಪಂದಿರನ್ನು ಇಲ್ಲಿ ಕೋಚಿಂಗ್ ಮಾಡುವ ನಾನು ವಾರ ವಾರವೂ ನೋಡುತ್ತೇನೆ, ಅದರಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ಈ ಮ್ಯಾಚಿನಲ್ಲಿ ಆಡುವವರ ಅಪ್ಪ ಅಮ್ಮಂದಿರೂ ಅಲ್ಲೇ ಎಲ್ಲೋ ಕೂತಿರುತ್ತಾರೆ, ಆಟಗಾರ್ತಿಯ ಹೆಸರಿರುವ ಟೀ ಶರ್ಟ್ ನೋಡಿ ಗುರುತಿಸಬಹುದು. ಅವರು ಎಷ್ಟು ಸುಮ್ಮನಿರುತ್ತಾರೆ ಅಂತ ಯಜಮಾನರು ಗಮನಿಸಲಿ.

ಅತ್ತೆಯವರಿಗೆ ಬೇಜಾರಾಗುತ್ತಾ ಅಂತ ಕೇಳಿದ್ದರೆ, ಆಗುವುದಿಲ್ಲ ಅಂತಲೇ ನನ್ನ ಅನುಭವ. ನಿಯಮ ಗೊತ್ತಿಲ್ಲದಿದ್ದರೂ ಚೆಂಡು ಒಳಗೆ ಹೋಯಿತಾ ಇಲ್ಲವಾ ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಆಫ್‌ಸೈಡ್ ವಿವರಿಸಲು ಹೋಗಬೇಡಿ, ಅದರಲ್ಲಿ ಹತ್ತು ನಿಮಿಷ ಹಾಳು. ಊರಿನ ಅಜ್ಜಿಯರು ಕೇಳುವ ಪ್ರಶ್ನೆಗಳೇ ಬೇರೆ: ಈ ಮಕ್ಕಳು ಓದುವುದು ಯಾವಾಗ, ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ, ಇವರಿಗೆ ಊಟ ಯಾರು ಹಾಕುತ್ತಾರೆ. ಚೆನ್ನಾದ ಪ್ರಶ್ನೆಗಳು. ಸರ್ಕಾರಿ ಹಣ ಪಡೆಯುವ ಕಾಲೇಜುಗಳು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡುವ ಹಾಗಿಲ್ಲ ಅಂತ 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂದಿದ್ದರಿಂದ ಇದೆಲ್ಲ ನಡೆಯುತ್ತಿದೆ ಅಂತ ಹೇಳಿ. ಅದಕ್ಕೆ ಮೊದಲು ಇಲ್ಲೂ ಹುಡುಗಿಯರ ಆಟಕ್ಕೆ ಕಾಲೇಜುಗಳು ಕೊಡುತ್ತಿದ್ದುದು ಚಿಲ್ಲರೆ ಕಾಸು. ಮೆಟ್ಟಿಲು ಹತ್ತಲು ಕಷ್ಟ ಅಂದರೆ ಅತ್ತೆಯವರನ್ನು ಕೆಳಗೆ ಕೂರಿಸಿ ನಿಮ್ಮಲ್ಲೊಬ್ಬರು ಜೊತೆಗಿರಿ, ಇನ್ನೊಬ್ಬರು ಮಗಳ ಜೊತೆ ಮೇಲೆ ಹೋಗಿ.

ಇನ್ನು ಸ್ಕಾಲರ್‌ಶಿಪ್. ಎಲ್ಲಕ್ಕಿಂತ ಮೇಲಿನ ವಿಭಾಗದ (ಡಿವಿಷನ್ ಒನ್) ಕಾಲೇಜು ಕೋಚ್‌ಗಳು ಆಟಗಾರ್ತಿಯ ಜೊತೆ ಸೇರ್ಪಡೆಯ ಮಾತಾಡಬಹುದಾದದ್ದು ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರಿಂದ. ನಿಮ್ಮ ಮಗಳಿಗೆ ಅದು ಇನ್ನೂ ಎಷ್ಟೋ ವರ್ಷ ದೂರ. ಆಟಗಾರರಿಗೆ ಕಾಲೇಜೇ ನೇರವಾಗಿ ಹಣ ಕೊಡಬಹುದಾದ ಈಗಿನ ಹೊಸ ವ್ಯವಸ್ಥೆ ಒಪ್ಪಿಕೊಂಡ ಕಾಲೇಜುಗಳಲ್ಲಿ ತಂಡಕ್ಕೆ 28 ಜನರ ಮಿತಿ ಇದೆ, ಆ 28 ಜಾಗಗಳಿಗೆ ಇಂಗ್ಲೆಂಡು, ಕೆನಡಾದಿಂದಲೂ ಹುಡುಗಿಯರು ಬರುತ್ತಾರೆ. ಒಳ್ಳೇ ಪ್ರತಿಭೆ ಇರುವ ಕೆಲವರು ಕಾಲೇಜಿಗೇ ಬರದೆ ನೇರ ವೃತ್ತಿಪರ ಲೀಗಿಗೆ ಹೋಗುತ್ತಿದ್ದಾರೆ. ಆ ಲೀಗು 2024ರಲ್ಲಿ ಕಾಲೇಜಿನಿಂದ ಆಟಗಾರ್ತಿಯರನ್ನು ಆರಿಸುವ ಡ್ರಾಫ್ಟ್ ಪದ್ಧತಿಯನ್ನೇ ರದ್ದು ಮಾಡಿತು. ನಿಮ್ಮ ಮಗಳು ಹದಿನಾರಕ್ಕೆ ಬರುವಷ್ಟರಲ್ಲಿ ಇನ್ನೇನು ಬದಲಾಗಿರುತ್ತದೋ. ಗ್ಯಾಲರಿಯಲ್ಲಿ ಕೂತು "ನೋಡು, ನೀನೂ ಹೀಗೆ ಆಡಿದರೆ ಫೀಸ್ ಇಲ್ಲ" ಅಂತ ಒಂದು ಮಾತು ಬಂದರೆ, ಆ ಸಂಜೆಯಿಂದ ಆಟ ಅವಳಿಗೆ ಟ್ಯೂಷನ್ ಆಗಿಬಿಡುತ್ತದೆ. ಅದಕ್ಕೇ ಮನೆಯಲ್ಲಿ ಬಿಟ್ಟು ಹೋಗಿ ಅಂದಿದ್ದು.

ಮ್ಯಾಚ್ ಮುಗಿದ ತಕ್ಷಣ ಪಾರ್ಕಿಂಗಿಗೆ ಓಡಬೇಡಿ. ಆಟಗಾರ್ತಿಯರು ಕೈಕುಲುಕಿ, ಕಾಲೇಜಿನ ಹಾಡು ಹಾಡಿ, ಮೈ ಸಡಿಲಿಸುವ ವ್ಯಾಯಾಮ ಮುಗಿಸಿ, ಹೆಚ್ಚಿನ ದಿನಗಳಲ್ಲಿ ಬೇಲಿಯ ಹತ್ತಿರ ಬಂದು ಮಕ್ಕಳಿಗೆ ಸಹಿ ಹಾಕಿಕೊಡುತ್ತಾರೆ. ಒಂದು ಮಾರ್ಕರ್ ಪೆನ್ ನೀವೇ ತೆಗೆದುಕೊಂಡು ಹೋಗಿ, ಅಲ್ಲಿ ಇರುವ ಒಂದೆರಡು ಪೆನ್ನಿಗೆ ಐವತ್ತು ಕೈ ಚಾಚಿರುತ್ತವೆ. ಮಗಳು ತಾನು ಎಣಿಸುತ್ತಿದ್ದ ಎಡಗಡೆ ಡಿಫೆಂಡರ್ ಹತ್ತಿರವೇ ಹೋಗಲಿ. ಸಹಿ ಕೇಳುವುದರ ಜೊತೆಗೆ ಒಂದು ಪ್ರಶ್ನೆ ಕೇಳಲು ಹೇಳಿ: "ಚೆಂಡು ಆ ಕಡೆ ಇದ್ದಾಗ ನೀವು ಯಾಕೆ ಅಷ್ಟು ಒಳಗೆ ಬಂದು ನಿಂತಿದ್ರಿ?" ಎಲ್ಲರೂ ಫಾರ್ವರ್ಡ್‌ಗಳ ಹಿಂದೆ ಬಿದ್ದಿರುತ್ತಾರೆ, ಡಿಫೆಂಡರ್‌ಗಳಿಗೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ಸರಿಯಾಗಿ ನಿಂತು ಉತ್ತರ ಕೊಡುತ್ತಾರೆ, ನೋಡಿ.

ಸೋತ ದಿನ ಮಾತ್ರ ಕೇಳಬೇಡಿ.